ಕುದುರೆಮರಿಯ ಉಸಿರು: ದಕ್ಷಿಣದ ಅಶ್ವಸಂಪತ್ತಿನ ಇತಿಹಾಸದಲ್ಲಿ ಮರೆತುಹೋದ ಒಂದು ಪ್ರಶ್ನೆ

ವಿಶಾಖಪಟ್ಟಣದ ಬಂದರಿಗೆ ಸಮೀಪದಲ್ಲಿರುವ ಸಿಂಹಾಚಲದ ದೇವಾಲಯವು ಕನ್ನಡ ನಾಡಿನ ಇತಿಹಾಸವನ್ನು ಅಭ್ಯಸಿಸುವವರಿಗೆ ಪರಿಚಿತವಾದ ಸ್ಥಳ. ಶ್ರೀಕೃಷ್ಣದೇವರಾಯನು ಗಜಪತಿಯ ಮೇಲೆ ದಂಡೆತ್ತಿ ಬಂದು, ಉದಯಗಿರಿ, ಕೊಂಡವೀಡು, ವಿಜಯವಾಡದ ಸಮೀಪದ ಕೊಂಡಪಲ್ಲಿ, ರಾಜಮಹೇಂದ್ರಿಗಳನ್ನು ಒಂದಾದ ಮೇಲೊಂದರಂತೆ ವಶಪಡಿಸಿಕೊಂಡು, ಕ್ರಿ. ಶ. 1516ರಲ್ಲಿ ಇಲ್ಲಿಯ ದೇವರಿಗೆ ಆಭರಣಗಳನ್ನು ಸಮರ್ಪಿಸಿದ ಸಂಗತಿಯು ದೇವಾಲಯದ ಶಾಸನದಿಂದ ವಿದಿತವಾಗುತ್ತದೆ. ಹಂಪೆಯಿಂದ ಸಿಂಹಾದ್ರಿಗೆ ಏಳುನೂರು ಕಿಲೋಮೀಟರುಗಳಿಗೂ ಅಧಿಕವಾದ ದೂರ. ಅಷ್ಟು ದೂರವನ್ನು ಕ್ರಮಿಸಿದ ಸೈನ್ಯದ ಬಲವು ಬಹುಮಟ್ಟಿಗೆ ಅದರ ಕುದುರೆಗಳಲ್ಲಿತ್ತು. ಆದರೆ ಆ ಕುದುರೆಗಳಲ್ಲಿ ಶ್ರೇಷ್ಠವಾದವು ಕನ್ನಡ ನೆಲದಲ್ಲಿ ಹುಟ್ಟಿದವಲ್ಲ. ಆಂಧ್ರ ನೆಲದಲ್ಲಿ ಹುಟ್ಟಿದವೂ ಅಲ್ಲ. ಅವು ಹಡಗುಗಳಲ್ಲಿ ಸಮುದ್ರ ದಾಟಿ ಬಂದವು.

ಆ ಕಾಲದಲ್ಲಿ ಒಡ್ಡಿಯ ಅರಸನನ್ನು ಗಜಪತಿಯೆಂದೂ, ಉತ್ತರದ ಸುಲ್ತಾನನನ್ನು ಅಶ್ವಪತಿಯೆಂದೂ, ವಿಜಯನಗರದ ಅರಸನನ್ನು ನರಪತಿಯೆಂದೂ ಕರೆಯುವ ವಾಡಿಕೆಯಿತ್ತು. ನರಪತಿಗೆ ಕಾಲಾಳುಗಳಿಗೆ ಕೊರತೆಯಿರಲಿಲ್ಲ. ಕುದುರೆಗಾಗಿ ಮಾತ್ರ ಆತನು ಪರರ ಮುಖ ನೋಡಬೇಕಾಗಿತ್ತು. ಹೀಗೇಕಾಯಿತು? ದಕ್ಷಿಣದ ಹವೆ ಕುದುರೆಗೆ ಒಗ್ಗದು, ಇಲ್ಲಿ ಹುಟ್ಟಿದ ಮರಿ ಬಾಳದು ಎಂಬ ಉತ್ತರವು ಏಳು ಶತಮಾನಗಳಿಂದ ಒಂದೇ ಸಮನೆ ಪುನರುಕ್ತವಾಗುತ್ತ ಬಂದಿದೆ. ಈ ಉತ್ತರವನ್ನು ಇಂದಿನ ಅಶ್ವವೈದ್ಯದ ಬೆಳಕಿನಲ್ಲಿ, ವಿಶೇಷವಾಗಿ ಕುದುರೆಮರಿಯ ಶ್ವಾಸಕೋಶದ ಬಗ್ಗೆ ಈಗ ತಿಳಿದಿರುವ ವಿಷಯಗಳ ಬೆಳಕಿನಲ್ಲಿ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ವಿದೇಶೀಯರ ಸಾಕ್ಷ್ಯ

ಹದಿಮೂರನೆಯ ಶತಮಾನದ ಅಂತ್ಯದಲ್ಲಿ ದಕ್ಷಿಣದ ಕರಾವಳಿಯನ್ನು ಕಂಡ ವೆನಿಸ್ಸಿನ ಮಾರ್ಕೋ ಪೋಲೋ ಈ ವಿಷಯದಲ್ಲಿ ಮೊದಲ ಸಾಕ್ಷಿ. ಆತನು ವರ್ಣಿಸಿರುವುದು ಮಾಬಾರ್, ಎಂದರೆ ತಮಿಳು ಕರಾವಳಿಯನ್ನು; ಆದರೆ ಅಲ್ಲಿಗೂ ನಮ್ಮ ಪಶ್ಚಿಮ ಕರಾವಳಿಗೂ ಕುದುರೆಗಳನ್ನು ಒದಗಿಸುತ್ತಿದ್ದುದು ಒಂದೇ ಅರಬೀ ಸಮುದ್ರದ ವ್ಯಾಪಾರ. ಅಲ್ಲಿಯ ಅರಸರು ಪ್ರತಿವರ್ಷವೂ ಸಾವಿರಗಟ್ಟಲೆ ಕುದುರೆಗಳನ್ನು ಹಾರ್ಮುಜ್, ಏಡನ್ ಮೊದಲಾದ ಸ್ಥಳಗಳ ವರ್ತಕರಿಂದ ಕೊಳ್ಳುತ್ತಿದ್ದರೆಂದೂ, ವರ್ಷ ಮುಗಿಯುವುದರೊಳಗೆ ಅವುಗಳಲ್ಲಿ ನೂರು ಸಹ ಉಳಿಯುತ್ತಿರಲಿಲ್ಲವೆಂದೂ ಆತನ ಹೇಳಿಕೆ. ಇದಕ್ಕೆ ಆತನು ಕೊಡುವ ಕಾರಣಗಳು ಮೂರು. ಒಂದು, ಕುದುರೆಗಳ ಆರೈಕೆ ಬಲ್ಲವರು ಅಲ್ಲಿರಲಿಲ್ಲ. ಎರಡು, ಅಂತಹವರು ಆ ದೇಶಕ್ಕೆ ಹೋಗದಂತೆ ವರ್ತಕರೇ ತಡೆಯುತ್ತಿದ್ದರು. ಕುದುರೆಗಳು ಸತ್ತಷ್ಟೂ ಅವರಿಗೆ ವ್ಯಾಪಾರ. ಮೂರು, ಬೇಯಿಸಿದ ಅನ್ನ ಮಾಂಸಗಳ ಆಹಾರ. ಇದರ ಜೊತೆಗೆ, ಉತ್ತಮವಾದ ಹೆಣ್ಣುಕುದುರೆಗೆ ಉತ್ತಮವಾದ ಗಂಡುಕುದುರೆಯನ್ನು ಕೂಡಿಸಿದರೂ ಕಾಲು ಸೊಟ್ಟಗಾದ, ಸವಾರಿಗೆ ಬಾರದ ಸಣ್ಣ ಮರಿಯೇ ಹುಟ್ಟುತ್ತದೆಂದು ಆತನು ಬರೆದಿದ್ದಾನೆ. ದಕ್ಷಿಣದ ಕುದುರೆಮರಿಯನ್ನು ಕುರಿತು ಪಾಶ್ಚಾತ್ಯ ಲೋಕದಲ್ಲಿ ಪ್ರಸಿದ್ಧಿಗೆ ಬಂದ ಮೊದಲ ತೀರ್ಪು ಇದು.

ಎರಡನೆಯ ಸಾಕ್ಷಿ, ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸನಾದ ನೂನಿಜ್. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಈತನು ಹೇಳುತ್ತಾನೆ. ಅದಕ್ಕಿಂತಲೂ ವಿಚಾರಾರ್ಹವಾದ ಮಾತು ಸಾಳುವ ನರಸಿಂಹನನ್ನು ಕುರಿತದ್ದು. ಆ ಅರಸನು ಸಾವಿರ ಪರ್ದಾವುಗಳಿಗೆ ಮೂರರಂತೆ ಕುದುರೆಗಳನ್ನು ಸತ್ತಿರಲಿ, ಬದುಕಿರಲಿ, ಕೊಳ್ಳುತ್ತಿದ್ದನು; ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ, ಜೀವಂತವಾದ ಕುದುರೆಗೆ ಕೊಡುವಷ್ಟೇ ಬೆಲೆಯನ್ನು ಕೊಡುತ್ತಿದ್ದನು.

ಈ ಬಾಲದ ಲೆಕ್ಕವನ್ನು ಅರಸನ ಔದಾರ್ಯವೆಂದು ಹೊಗಳಿದವರೂ, ಅವಿವೇಕವೆಂದು ನಕ್ಕವರೂ ಇದ್ದಾರೆ. ಹಣಕಾಸಿನ ದೃಷ್ಟಿಯಿಂದ ನೋಡಿದರೆ ಇದು ಒಂದು ಬಗೆಯ ಸಮುದ್ರವಿಮೆ. ವಿಮೆಯ ಕಂತನ್ನು ವರ್ತಕನು ಕಟ್ಟುತ್ತಿರಲಿಲ್ಲ. ನಷ್ಟವನ್ನೆಲ್ಲ ಬೊಕ್ಕಸವೇ ಹೊರುತ್ತಿತ್ತು. ಯುದ್ಧದ ತುರ್ತಿನಲ್ಲಿ ಕುದುರೆ ಬಹಮನಿಗಳ ಪಾಲಾಗದೆ ತನ್ನ ಬಂದರಿಗೇ ಬರಲೆಂಬ ಅರಸನ ಆಲೋಚನೆ ಸಹಜವಾದದ್ದೇ. ಆದರೆ ಅದರ ಪರಿಣಾಮವನ್ನೂ ಗಮನಿಸಬೇಕು. ದಾರಿಯಲ್ಲಿ ಕುದುರೆ ಸತ್ತರೂ ಹಣ ಬರುವುದಾದರೆ, ಅದನ್ನು ಬದುಕಿಸುವ ಶ್ರಮ ವರ್ತಕನಿಗೇಕೆ? ಪೋಲೋ ಹೇಳುವ ವರ್ತಕನಿಗೆ ಕುದುರೆ ದಡ ಸೇರಿದ ಮೇಲೆ ಸತ್ತರೆ ಲಾಭ. ನೂನಿಜ್ ಹೇಳುವ ವರ್ತಕನಿಗೆ ದಡ ಸೇರುವ ಮೊದಲು ಸತ್ತರೂ ನಷ್ಟವಿಲ್ಲ. ಎರಡು ಶತಮಾನಗಳ ಅಂತರದ ಈ ಎರಡು ವ್ಯವಸ್ಥೆಗಳಲ್ಲಿಯೂ ಕುದುರೆಯ ಪ್ರಾಣಕ್ಕೆ ಹೊಣೆಯಾದವರು ವ್ಯಾಪಾರಿಗಳಲ್ಲಿ ಯಾರೂ ಇರಲಿಲ್ಲ.

2. ನಮ್ಮ ಅಶ್ವಶಾಸ್ತ್ರಗಳು

ಹಾಗಾದರೆ ನಮ್ಮಲ್ಲಿ ಅಶ್ವವಿದ್ಯೆಯೇ ಇರಲಿಲ್ಲವೆ? ಪೋಲೋವಿನ ಮಾತನ್ನು ಕನ್ನಡ ನಾಡಿಗೂ ಅನ್ವಯಿಸುವವರು ಇಲ್ಲಿ ಎಡವುತ್ತಾರೆ. ಶಾಲಿಹೋತ್ರನ ಪರಂಪರೆ ಬಹು ಪ್ರಾಚೀನವಾದದ್ದು. ಜಯದತ್ತಸೂರಿಯ ‘ಅಶ್ವವೈದ್ಯಕ’ವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಲ್ಕತ್ತೆಯಲ್ಲಿ ಅಚ್ಚಾಯಿತು, ನಕುಲನ ಹೆಸರಿನಲ್ಲಿರುವ ‘ಅಶ್ವಶಾಸ್ತ್ರ’ವನ್ನು ತಂಜಾವೂರಿನ ಸರಸ್ವತೀ ಮಹಲ್ ಗ್ರಂಥಾಲಯವು 1952ರಲ್ಲಿ ಪ್ರಕಟಿಸಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ವಾಹ್ಯಾಳಿಯ ವಿನೋದಗಳು ವಿಸ್ತಾರವಾಗಿ ಬಂದಿವೆ. ಅದೇ ವಂಶದ ರಾಜಕುಮಾರನಾದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಕುದುರೆಯ ವಿಷಯದಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ವು ಸುಮಾರು 1400ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ವು ರಚಿತವಾಯಿತು. ಗೋವಿಗೂ ಕುದುರೆಗೂ ದೇಶಭಾಷೆಯಲ್ಲಿ ವೈದ್ಯಗ್ರಂಥಗಳನ್ನು ಬರೆಯಿಸಿದ ನಾಡನ್ನು ಅಶ್ವವಿದ್ಯೆಯಿಲ್ಲದ ನಾಡೆನ್ನಲಾಗದು.

ಆದರೂ ಈ ಶಾಸ್ತ್ರಪರಂಪರೆಯ ಒಲವು ಯಾವ ಕಡೆಗಿದೆಯೆಂಬುದನ್ನು ಗುರುತಿಸಬೇಕು. ಬಣ್ಣ, ಸುಳಿ, ದೇಶ, ಗತಿ, ಹಲ್ಲಿನಿಂದ ವಯಸ್ಸನ್ನು ನಿರ್ಣಯಿಸುವ ಕ್ರಮ, ಶುಭಾಶುಭ ಲಕ್ಷಣಗಳು: ಇವು ಅಶ್ವಶಾಸ್ತ್ರದ ಪ್ರಧಾನ ವಿಷಯಗಳು. ಇವೆಲ್ಲ ಕೊಳ್ಳುವವನಿಗೆ ಬೇಕಾದ ವಿದ್ಯೆ. ಸಂತೆಯಲ್ಲಿ ನಿಂತ ಬೆಳೆದ ಕುದುರೆಯನ್ನು ಮುಂದಿಟ್ಟುಕೊಂಡು ಬೆಳೆದ ಶಾಸ್ತ್ರವಿದು. ಕಾಸ, ಶ್ವಾಸಗಳ ಚಿಕಿತ್ಸೆಯೂ, ಮೂಗಿಗೆ ಔಷಧವನ್ನು ಬಿಡುವ ನಸ್ಯವೂ ಆಯುರ್ವೇದದ ಕ್ರಮದಲ್ಲಿ ಕುದುರೆಗೂ ಅನ್ವಯವಾಗಿದ್ದವು. ಆದರೆ ಲಾಯದಲ್ಲಿ ಈಗ ತಾನೆ ಹುಟ್ಟಿದ ಮರಿಯ ಮೊದಲ ದಿನಗಳಿಗೆ ಸಂಬಂಧಿಸಿದ ವಿದ್ಯೆಯು ಗ್ರಂಥಗಳಿಗಿಂತ ಹೆಚ್ಚಾಗಿ ಲಾಯದ ಆಳುಗಳ ಕೈಯಲ್ಲಿಯೇ ಉಳಿಯಿತೆಂದು ತೋರುತ್ತದೆ. ಕರು ಹುಟ್ಟಿ ಉಸಿರಾಡದಿದ್ದಾಗ ಮೂಗು ಬಾಯಿಗಳ ಲೋಳೆಯನ್ನು ಬಳಿದು, ಮೈಯನ್ನು ಹುಲ್ಲಿನಿಂದ ಉಜ್ಜಿ, ಮೂಗಿನ ಹೊಳ್ಳೆಗೆ ಕಡ್ಡಿಯಾಡಿಸಿ ಸೀನು ಬರಿಸುವ ಕ್ರಮವನ್ನು ನಮ್ಮ ಒಕ್ಕಲುಮಕ್ಕಳು ಬಲ್ಲರು. ಇಂದಿನ ಪಶುವೈದ್ಯರೂ ಮೊದಲು ಮಾಡುವುದು ಇದನ್ನೇ.

3. ಉಸಿರಿನ ಶಾರೀರ

ಕುದುರೆಯ ಉಸಿರಾಟದಲ್ಲಿ ಇತರ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಕಾಣದ ಕೆಲವು ವಿಶೇಷಗಳಿವೆ. ಕುದುರೆಯು ಮೂಗಿನಿಂದ ಮಾತ್ರ ಉಸಿರಾಡಬಲ್ಲುದು. ಅದರ ಮೃದುವಾದ ಅಂಗುಳು ಗಂಟಲಿನಲ್ಲಿ ಬಾಯಿಯ ದಾರಿಯನ್ನೂ ಗಾಳಿಯ ದಾರಿಯನ್ನೂ ಬೇರ್ಪಡಿಸಿರುವುದೇ ಇದಕ್ಕೆ ಕಾರಣ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ಕಾಲಿನ ತಾಳಕ್ಕೆ ಎದೆಯ ತಿದಿ ಹೊಂದಿಕೊಂಡಿರುತ್ತದೆ. ಶ್ವಾಸನಾಳದಲ್ಲಿ ಕಲೆತ ಕಫ, ಧೂಳುಗಳು ಹೊರಬೀಳಬೇಕಾದರೆ ಕುದುರೆ ತಲೆಯನ್ನು ತಗ್ಗಿಸಲೇಬೇಕು. ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟಿದರೆ ಒಂದೇ ದಿನದೊಳಗೆ ಶ್ವಾಸನಾಳದಲ್ಲಿ ರೋಗಾಣುಗಳು ಹೆಚ್ಚುತ್ತವೆಂಬುದು ಆಸ್ಟ್ರೇಲಿಯದ ಸಂಶೋಧಕರ ಪರೀಕ್ಷೆಗಳಿಂದ ತಿಳಿದಿದೆ. ದೂರದ ಪ್ರಯಾಣದ ಕುದುರೆಗಳಿಗೆ ಬರುವ ಶ್ವಾಸಕೋಶದ ಉರಿಯೂತಕ್ಕೆ ಇದು ಮುಖ್ಯವಾದ ಕಾರಣ. ಹಾರ್ಮುಜಿನಿಂದ ಭಟ್ಕಳಕ್ಕೆ ವಾರಗಟ್ಟಲೆ ಹಡಗಿನಲ್ಲಿ ಇಕ್ಕಟ್ಟಾಗಿ ಕಟ್ಟಿಹಾಕಿದ ಕುದುರೆಗಳ ಸ್ಥಿತಿಯನ್ನು ಇದರಿಂದ ಊಹಿಸಿಕೊಳ್ಳಬಹುದು. ನೂನಿಜ್ ಹೇಳುವ ಬಾಲಗಳಲ್ಲಿ ಅನೇಕವು ಹೀಗೆ ಉಸಿರು ಕಟ್ಟಿ ಸತ್ತ ಪ್ರಾಣಿಗಳವಾಗಿದ್ದಿರಬೇಕು. ದಡ ಮುಟ್ಟಿದವುಗಳಲ್ಲಿಯೂ ಕೆಲವು ಎದೆಯಲ್ಲಿ ರೋಗವನ್ನು ಹೊತ್ತೇ ಇಳಿದಿರಬೇಕು. ವರ್ಷದೊಳಗೆ ಸತ್ತ ಇಂತಹ ಕುದುರೆಗಳ ಸಾವನ್ನು ನಮ್ಮ ಹವೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಮರಿಯ ವಿಷಯ. ಹೆಣ್ಣುಕುದುರೆ ಗಬ್ಬ ಹೊರುವುದು ಸುಮಾರು ಹನ್ನೊಂದು ತಿಂಗಳು, ಎಂದರೆ 340 ದಿನಗಳಷ್ಟು. 320 ದಿನಗಳಿಗೆ ಮೊದಲು ಹುಟ್ಟಿದ ಮರಿಯನ್ನು ಅಕಾಲಜನ್ಮದ್ದೆಂದು ಎಣಿಸುವುದು ವಾಡಿಕೆ. ಹೊರಲೋಕದ ಬಾಳಿಗೆ ಮರಿಯ ದೇಹವು ಸಿದ್ಧವಾಗುವ ಕಾರ್ಯ ಬಹುಮಟ್ಟಿಗೆ ಕೊನೆಯ ಕೆಲವು ದಿನಗಳಲ್ಲಿ ನಡೆಯುವುದರಿಂದ, ಸ್ವಲ್ಪ ಮುಂಚಿತವಾಗಿ ಹುಟ್ಟಿದರೂ ಅಪಾಯ ದೊಡ್ಡದು. ಗಾಳಿಯ ಸಣ್ಣ ಸಣ್ಣ ಗೂಡುಗಳು ಉಸಿರು ಬಿಟ್ಟಾಗ ಮುದುಡಿಕೊಳ್ಳದಂತೆ ಕಾಪಾಡುವ ಒಂದು ಸ್ನಿಗ್ಧವಾದ ಪದಾರ್ಥವು ಶ್ವಾಸಕೋಶದಲ್ಲಿರುತ್ತದೆ. ಅದರ ಕೊರತೆಯೇ ಅಕಾಲಜನ್ಮದ ಶಿಶುಗಳ ಉಸಿರುಕಟ್ಟಿಗೆ ಕಾರಣವೆಂದು ಏವರಿ ಮತ್ತು ಮೀಡ್ ಎಂಬವರು 1959ರಲ್ಲಿ ಮಾನವಶಿಶುಗಳಲ್ಲಿ ತೋರಿಸಿಕೊಟ್ಟರು. ಕುದುರೆಮರಿಗೂ ಈ ತತ್ತ್ವ ಅನ್ವಯಿಸುತ್ತದೆ.

ಆರೋಗ್ಯವಾದ ಮರಿಯು ಹುಟ್ಟಿ ಒಂದು ನಿಮಿಷದೊಳಗೆ ಉಸಿರಾಡಲು ತೊಡಗುತ್ತದೆ. ಆರಂಭದಲ್ಲಿ ನಿಮಿಷಕ್ಕೆ 60ರಿಂದ 80 ಉಸಿರು. ಒಂದು ಗಂಟೆ ಕಳೆಯುವಷ್ಟರಲ್ಲಿ ಅದು 30ರಿಂದ 40ಕ್ಕೆ ಇಳಿಯುತ್ತದೆ. ಬೆಳೆದ ಕುದುರೆ ವಿಶ್ರಾಂತಿಯಲ್ಲಿರುವಾಗ 8ರಿಂದ 16 ಉಸಿರು ಸಾಕು. ಮರಿಯ ಪಕ್ಕೆಲುಬುಗಳು ಮೆತ್ತಗಿರುವುದರಿಂದ, ಉಸಿರು ಎಳೆಯುವಾಗ ಎದೆಗೂಡು ಹಿಗ್ಗಬೇಕಾದೆಡೆಯಲ್ಲಿ ಒಳಕ್ಕೆ ಎಳೆದುಕೊಳ್ಳುವುದುಂಟು. ಹೀಗಾಗಿ ಅದರ ಶ್ರಮ ಇಮ್ಮಡಿಯಾಗುತ್ತದೆ. ಒಂದೇ ಮಗ್ಗುಲಾಗಿ ಮಲಗಿಸಿದ ಮರಿಯ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಎದೆಯ ಮೇಲೆ ಕುಳ್ಳಿರಿಸಿದರೆ ಏರುತ್ತದೆ. ಆದುದರಿಂದ ಬಲಹೀನವಾದ ಮರಿಗೆ ಮೊದಲ ಚಿಕಿತ್ಸೆ ಯಾವ ಯಂತ್ರವೂ ಅಲ್ಲ. ಹುಲ್ಲಿನ ಒರಗುಗಳಿಂದ ಅದನ್ನು ಎದೆಯ ಮೇಲೆ ನೆಟ್ಟಗೆ ಕುಳ್ಳಿರಿಸುವುದು.

ಮರಿಗೆ ತಾಯಿಯ ಗರ್ಭದಲ್ಲಿ ರೋಗನಿರೋಧಕ ಶಕ್ತಿ ದೊರೆಯುವುದಿಲ್ಲ. ಅದು ಬರಬೇಕಾದುದು ಗಿಣ್ಣುಹಾಲಿನಿಂದ. ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಎದ್ದು ನಿಂತು, ಎರಡು ಗಂಟೆಗಳಲ್ಲಿ ಮೊಲೆಯುಣ್ಣಬೇಕು. ಉಸಿರಿಗಾಗಿ ಹೆಣಗುತ್ತಿರುವ ಮರಿ ಏಳಲಾರದು. ಏಳದ ಮರಿ ಗಿಣ್ಣನ್ನು ಕುಡಿಯಲಾರದು. ಗಿಣ್ಣಿಲ್ಲದ ಮರಿಗೆ ರಕ್ತದಲ್ಲಿ ನಂಜೇರಿ, ಮತ್ತೆ ಶ್ವಾಸಕೋಶಕ್ಕೇ ರೋಗ ತಗಲುತ್ತದೆ. ಮೊದಲ ದಿನದ ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ವಾರದೊಳಗೆ ಮರಿ ಇಲ್ಲವಾಗಬಹುದು. ಕಾರಣವನ್ನು ಅರಿಯದವರು ಅದನ್ನು ದೇಶದ ದೋಷವೆಂದೇ ತಿಳಿಯುವುದು ಸಹಜ.

4. ಉಸಿರಿಗೆ ಆಸರೆ

ಪ್ರಾಣಿಯ ಉಸಿರನ್ನು ಹೊರಗಿನಿಂದ ನಡೆಸಬಹುದೆಂಬ ಆಲೋಚನೆ ಹೊಸದೇನಲ್ಲ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ರಾಬರ್ಟ್ ಹುಕ್ ಎಂಬವನು 1667ರಲ್ಲಿ ತಿದಿಯಿಂದ ಗಾಳಿಯೂದಿ ಎದೆ ತೆರೆದ ನಾಯಿಯೊಂದನ್ನು ಜೀವಂತವಾಗಿಟ್ಟು ತೋರಿಸಿದನು. ಕುದುರೆಯಂತೂ ಶಾರೀರಶಾಸ್ತ್ರಕ್ಕೆ ಹಳೆಯ ನಂಟು. ರಕ್ತದ ಒತ್ತಡವನ್ನು ಅಳೆದ ಪ್ರಯೋಗವನ್ನು ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದಾಗ ಅವನು ಬಳಸಿದ್ದುದು ಹೆಣ್ಣುಕುದುರೆಯನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಜುಂಟ್ಸ್ ಮತ್ತು ಅವನ ಸಹೋದ್ಯೋಗಿಗಳು ದುಡಿಯುವ ಕುದುರೆಯ ಉಸಿರಿನ ಗಾಳಿಯನ್ನು ಸಂಗ್ರಹಿಸಿ ಅಳೆದರು. ಆದರೆ ಇವೆಲ್ಲ ಬೆಳೆದ ಪ್ರಾಣಿಗಳ ಅಧ್ಯಯನ. ಎಳೆಯ ಮರಿಯ ಸರದಿ ಬಹು ತಡವಾಗಿ ಬಂದಿತು.

ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಹುಟ್ಟಿದ ಕೆಲಹೊತ್ತಿನಲ್ಲಿಯೇ ಸೆಳವು ಬಂದು, ಉಸಿರು ತಪ್ಪಿ, ತಾಯಿಯನ್ನು ಗುರುತಿಸಲಾರದೆ ಅಲೆಯುವ ಮರಿಗಳನ್ನು ಅಲ್ಲಿಯವರು ‘ಬೊಗಳುವವು’, ‘ಅಲೆಮಾರಿಗಳು’, ‘ಮಂಕುಗಳು’ ಎಂದು ಕರೆಯುತ್ತಿದ್ದರು. ಪೀಟರ್ ರಾಸ್‌ಡೇಲ್ ಮೊದಲಾದ ಪಶುವೈದ್ಯರು 1950ರ ದಶಕದಿಂದ ಇವನ್ನು ಕ್ರಮವಾಗಿ ಅಭ್ಯಸಿಸಿದರು. ಲಾಯದ ಮಾತುಗಳನ್ನು ತಳ್ಳಿಹಾಕದೆ, ಅವುಗಳ ಜಾಡನ್ನೇ ಹಿಡಿದು ಶಾಸ್ತ್ರವು ಮುಂದುವರಿದುದು ಇಲ್ಲಿ ಗಮನಾರ್ಹ. 1980ರ ದಶಕದಲ್ಲಿ ಅಮೆರಿಕೆಯ ಪಶುವೈದ್ಯ ಕಾಲೇಜುಗಳಲ್ಲಿ ನವಜಾತ ಮರಿಗಳಿಗೆಂದೇ ತೀವ್ರಚಿಕಿತ್ಸಾ ವಿಭಾಗಗಳು ಬೆಳೆದವು. 1990ರಲ್ಲಿ ಆನ್ ಕೊಟೆರ್ಬಾ ಮತ್ತು ಸಂಗಡಿಗರ ಬೃಹದ್ಗ್ರಂಥವು ಈ ವಿದ್ಯೆಗೆ ಒಂದು ಶಾಸ್ತ್ರದ ರೂಪವನ್ನು ಕೊಟ್ಟಿತು.

ಈ ವಿದ್ಯೆಯ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮಾನವಶಿಶುಗಳಿಗಾಗಿ ವರ್ಜೀನಿಯಾ ಆಪ್‌ಗಾರ್ 1950ರ ದಶಕದ ಆರಂಭದಲ್ಲಿ ರೂಪಿಸಿದ ಅಂಕಗಳ ಪದ್ಧತಿಯನ್ನು ಮರಿಗೂ ಹೊಂದಿಸಿಕೊಂಡು, ನಾಡಿ, ಉಸಿರು, ಸ್ನಾಯುಗಳ ಬಿಗಿ, ಮೂಗಿಗೆ ಕಡ್ಡಿಯಾಡಿಸಿದಾಗಿನ ಪ್ರತಿಕ್ರಿಯೆಗಳಿಗೆ ಅಂಕಗಳನ್ನು ಕೊಡುತ್ತಾರೆ. ಉಸಿರು ಬಾರದಿದ್ದರೆ ಒಂದು ಹೊಳ್ಳೆಯನ್ನು ಮುಚ್ಚಿ ಇನ್ನೊಂದರಲ್ಲಿ ಊದುತ್ತಾರೆ. ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿಗೆ ಬಾಯಲ್ಲಿ ಊದಿ ಫಲವಿಲ್ಲ. ಬಳಿಕ ಮೂಗಿನ ಮೂಲಕ ಸಣ್ಣ ಕೊಳವೆಯಿಟ್ಟು ಆಮ್ಲಜನಕವನ್ನು ಹರಿಸುವುದು. ಅದೂ ಸಾಲದಿದ್ದರೆ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸಿ ಯಂತ್ರದಿಂದ ಉಸಿರಾಡಿಸುವುದು. ಕಾಲಿನ ಧಮನಿಯಿಂದ ತೆಗೆದ ರಕ್ತದಲ್ಲಿ ಆಮ್ಲಜನಕ, ಇಂಗಾಲಾಮ್ಲಗಳ ಪ್ರಮಾಣವನ್ನು ನೋಡಿ, ಶ್ವಾಸಕೋಶವು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆಯೆಂಬುದನ್ನು ಗಂಟೆಗಂಟೆಗೂ ನಿರ್ಣಯಿಸುತ್ತಾರೆ. ಯಂತ್ರವು ದುಬಾರಿ; ಆದರೆ ಪಕ್ಕೆಯ ಏರಿಳಿತವನ್ನು ಎಣಿಸುವ ಕಣ್ಣಿಗೆ ಖರ್ಚಿಲ್ಲ. ಈ ವಿದ್ಯೆಯ ಅರ್ಧಭಾಗವು ಈಗಲೂ ಆ ಕಣ್ಣಿನಲ್ಲಿಯೇ ಇದೆ.

ನಮ್ಮ ನೆಲದ ದೋಷವೂ ಅಷ್ಟಿಷ್ಟು ಉಂಟೆಂಬುದನ್ನು ಮರೆಮಾಚಬೇಕಾಗಿಲ್ಲ. ಸ್ವೀಡನ್ನಿನ ಮ್ಯಾಗ್ನುಸನ್ 1923ರಲ್ಲಿ ಗುರುತಿಸಿದ ಒಂದು ರೋಗಾಣುವು ಮಣ್ಣಿನಲ್ಲಿ ನೆಲಸಿ, ಒಣಗಿದ ಧೂಳಿನೊಡನೆ ಮರಿಗಳ ಎದೆಯನ್ನು ಹೊಕ್ಕು, ಒಂದರಿಂದ ಆರು ತಿಂಗಳ ವಯಸ್ಸಿನಲ್ಲಿ ಶ್ವಾಸಕೋಶದಲ್ಲಿ ಕೀವುಗಡ್ಡೆಗಳನ್ನೆಬ್ಬಿಸುತ್ತದೆ. ಸೆಕೆ, ಧೂಳು, ಮರಿಗಳ ದಟ್ಟಣೆ ಇರುವೆಡೆ ಇದರ ಹಾವಳಿ ಹೆಚ್ಚು. 1960ರಲ್ಲಿ ನಮ್ಮ ದೇಶವನ್ನು ಹೊಕ್ಕ ಆಫ್ರಿಕದ ಕುದುರೆಬೇನೆಯು, ಸಣ್ಣ ನೊಣಗಳಿಂದ ಹರಡಿ, ಶ್ವಾಸಕೋಶದಲ್ಲಿ ನೀರು ತುಂಬಿ ಮೂಗಿನಿಂದ ನೊರೆ ಸುರಿಸುತ್ತ ಸಾವಿರಾರು ಕುದುರೆಗಳನ್ನು ಕೊಂದಿತು. ಆದರೆ ಧೂಳನ್ನು ತಗ್ಗಿಸಬಹುದು, ಮರಿಗಳನ್ನು ಬಿಡಿಬಿಡಿಯಾಗಿ ಇಡಬಹುದು, ಎದೆಯನ್ನು ಆಗಾಗ್ಗೆ ಪರೀಕ್ಷಿಸಿ ರೋಗವನ್ನು ಮೊದಲೇ ಹಿಡಿಯಬಹುದು. ಹವೆ ಒಡ್ಡುವ ತೊಂದರೆಗೂ ನೀಗಲಾಗದ ವಿಧಿಗೂ ಭೇದವಿದೆ.

5. ಕುಣಿಗಲಿನ ಉತ್ತರ

ಪೋಲೋವಿನ ತೀರ್ಪಿಗೆ ಕನ್ನಡ ನಾಡು ಕೊಟ್ಟ ಉತ್ತರ ಗ್ರಂಥರೂಪದಲ್ಲಿಲ್ಲ. ತುಮಕೂರು ಜಿಲ್ಲೆಯ ಕುಣಿಗಲಿನ ಹುಲ್ಲುಗಾವಲಿನಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಇಲ್ಲಿ ಕುದುರೆಗಳ ತಳಿಕೇಂದ್ರ ಏರ್ಪಟ್ಟಿತು. 1799ರ ಬಳಿಕ ಅದು ಕೈಯಿಂದ ಕೈಗೆ ಬದಲಾಯಿತಾದರೂ, ಕುದುರೆಗಳ ನೆಲೆಯಾಗಿ ಉಳಿದು ಬಂದಿತು. ಸ್ವಾತಂತ್ರ್ಯಾನಂತರ ಸರ್ಕಾರದ ಪಶುಸಂಗೋಪನಾ ಇಲಾಖೆಯ ಅಧೀನದಲ್ಲಿದ್ದು, 1992ರಲ್ಲಿ ಪಂದ್ಯದ ಕುದುರೆಗಳ ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಯಾಗಿ ಹೋಯಿತು. ಇದರಂತೆಯೇ, ಕನ್ನಡಿಗರೂ ನೆಲಸಿರುವ ಗಡಿಯ ಹೊಸೂರಿನ ಮತ್ತಿಗಿರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಕ್ಷೇತ್ರವೊಂದನ್ನು ಸ್ಥಾಪಿಸಿತು. ಭೀಮಾನದಿಯ ಬಯಲಿನ ಗಟ್ಟಿಮುಟ್ಟಾದ ನಾಡಕುದುರೆಗಳಂತೂ ಮರಾಠರ ದಂಡಿನಲ್ಲಿ ಹೆಸರುಗಳಿಸಿದ್ದವು.

ಕುಣಿಗಲಿನ ಹವೆ ಹೊಯ್ಸಳರ ಕಾಲದ ಹವೆಯಿಂದ ಹೆಚ್ಚು ಬೇರೆಯಾದುದಲ್ಲ. ಹಾಗಿದ್ದೂ ಅಲ್ಲಿ ಎರಡು ಶತಮಾನಗಳಿಗೂ ಮೀರಿದ ಅವಧಿಯಲ್ಲಿ ಮರಿಗಳು ಹುಟ್ಟಿ ಬೆಳೆದಿವೆ. ಬದಲಾದುದು ಹೊಣೆಯ ಸ್ವರೂಪ. ತಾಯಿಯನ್ನೂ ಮರಿಯನ್ನೂ ಸಾಕುವ ವೆಚ್ಚ, ಸತ್ತ ಮರಿಯ ನಷ್ಟ, ಬದುಕಿದ ಮರಿಯ ಲಾಭ ಇವು ಮೂರೂ ಒಂದೇ ಕೈಗೆ ಬಂದಾಗ, ಈಯುವ ರಾತ್ರಿ ಲಾಯದಲ್ಲಿ ಎಚ್ಚತ್ತು ಕೂರುವವನಿಗೂ ಬೆಲೆ ಬಂದಿತು. ವಿಜಯನಗರದ ಅರಸರು ವರ್ಷವರ್ಷವೂ ಸಿದ್ಧವಾದ ಕುದುರೆಗಳಿಗೆ ಸುರಿದ ಹೊನ್ನಿನಲ್ಲಿ ಒಂದು ಪಾಲನ್ನು ಹೀಗೆ ಹೂಡಿದ್ದರೆ, ಹಾರ್ಮುಜಿನ ಸಮುದ್ರಮಾರ್ಗವು ಪೋರ್ಚುಗೀಸರ ಹಿಡಿತಕ್ಕೆ ಬಂದಾಗ ಅವರ ಮರ್ಜಿಗೆ ಕಾಯಬೇಕಾದ ಪ್ರಮೇಯ ಅಷ್ಟಾಗಿ ಬರುತ್ತಿರಲಿಲ್ಲ. ಯುದ್ಧದ ಒತ್ತಡವು ಆ ವ್ಯವಧಾನವನ್ನು ಕೊಡಲಿಲ್ಲವೆಂಬ ಸಮಾಧಾನ ಉಂಟು. ಆದರೆ ಟಿಪ್ಪುವಿನ ಕಾಲವೂ ಶಾಂತಿಯ ಕಾಲವಾಗಿರಲಿಲ್ಲವೆಂಬುದನ್ನು ನೆನೆದರೆ ಆ ಸಮಾಧಾನವು ಅರ್ಧ ಮಾತ್ರ ನಿಲ್ಲುತ್ತದೆ.

ಇತ್ತೀಚೆಗೆ ಕುಣಿಗಲಿನ ಈ ಭೂಮಿಯನ್ನು ಪಟ್ಟಣ ನಿರ್ಮಾಣಕ್ಕೆ ಬಳಸುವ ಪ್ರಸ್ತಾಪ ಬಂದು, ಅದಕ್ಕೆ ವಿರೋಧವೂ ವ್ಯಕ್ತವಾಗಿದೆ. ನಾಲ್ಕುನೂರು ಎಕರೆಗಳಿಗೂ ಮೀರಿದ ಆ ನೆಲದ ಬೆಲೆಯನ್ನು ಲೆಕ್ಕ ಹಾಕುವಾಗ, ಅಲ್ಲಿ ತಲೆಮಾರುಗಳಿಂದ ಕುದುರೆಗಳನ್ನು ಈಯಿಸಿದ ಆಳುಗಳ ತಿಳಿವಳಿಕೆಯನ್ನು ಯಾವ ಬಾಬಿನಲ್ಲಿ ಬರೆಯುವರೋ ತಿಳಿಯದು. ನೆಲದ ಗತಿ ಏನೇ ಆಗಲಿ, ವಿದ್ವಾಂಸರ ಕೈಯಲ್ಲಿರುವ ಕೆಲಸಗಳು ಎರಡು. ಅಭಿನವಚಂದ್ರ, ಪದ್ಮಣಪಂಡಿತ ಮೊದಲಾದವರ ಕೃತಿಗಳನ್ನು ಭಾಷಾಪಂಡಿತರೂ ಪಶುವೈದ್ಯರೂ ಒಟ್ಟಿಗೆ ಕುಳಿತು ಓದಿ, ಕಾಸಶ್ವಾಸಗಳ ಪ್ರಕರಣಗಳಲ್ಲಿ ಯಾವ ರೋಗಲಕ್ಷಣಗಳು ಇಂದಿನ ಯಾವ ರೋಗಗಳಿಗೆ ಹೊಂದುತ್ತವೆಂಬುದನ್ನು ನಿರ್ಣಯಿಸಬೇಕು. ಕುಣಿಗಲು, ಬೆಂಗಳೂರು, ಮೈಸೂರುಗಳ ಲಾಯಗಳಲ್ಲಿ ವಯಸ್ಸಾದ ಆಳುಗಳು ಮರಿಯ ಉಸಿರು, ಕೆಮ್ಮು, ಸೆಳವುಗಳಿಗೆ ಬಳಸುವ ಕನ್ನಡ, ಉರ್ದು, ತೆಲುಗು ಮಾತುಗಳನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ನ್ಯೂಮಾರ್ಕೆಟ್ಟಿನಲ್ಲಿ ಶಾಸ್ತ್ರವು ಹುಟ್ಟಿದುದು ಅಂತಹ ಮಾತುಗಳಿಂದಲೇ.

ಸಿಂಹಾಚಲದ ಶಾಸನದಲ್ಲಿ ಗೆದ್ದ ದುರ್ಗಗಳ ಹೆಸರುಗಳಿವೆ, ದೇವರಿಗೊಪ್ಪಿಸಿದ ಆಭರಣಗಳ ವಿವರವಿದೆ. ಅಲ್ಲಿಯವರೆಗೆ ಸೈನ್ಯವನ್ನು ಹೊತ್ತು ತಂದ ಕುದುರೆಗಳ ಲೆಕ್ಕವನ್ನು ಶಾಸನಗಳಿಂದ ನಿರೀಕ್ಷಿಸುವಂತಿಲ್ಲ. ಅದನ್ನು ಹಡಗಿನ ದಾರಿಯಲ್ಲಿ, ಲಾಯದ ಹುಲ್ಲಿನಲ್ಲಿ, ಮರಿಯ ಮೊದಲ ಗಂಟೆಯ ಉಸಿರಿನಲ್ಲಿ ಹುಡುಕಬೇಕು. ಹಾಗೆ ಹುಡುಕಿದಾಗ, ದಕ್ಷಿಣವು ಕುದುರೆಗೆ ಒಗ್ಗದ ನೆಲವೆಂಬ ಹಳೆಯ ಮಾತು ಇತಿಹಾಸದ ಸತ್ಯವಾಗಿ ನಿಲ್ಲದೆ, ಆ ನಷ್ಟದಿಂದ ಲಾಭ ಪಡೆದವರು ಹರಡಿದ, ನಷ್ಟ ಹೊತ್ತವರು ನಂಬಿದ ಒಂದು ಅಭಿಪ್ರಾಯವಾಗಿ ತೋರುತ್ತದೆ.